ಬಾಯಲ್ಲಿ ಹೇಳದ ಹೆಸರು

ಆಗದು ಅಂದವನು ನನ್ನ ಸೋದರಮಾವ, ಅದೂ ಎರಡು ಸಲ. ಕುರಿ ಕಾಯುವವರ ಮನೆಯಲ್ಲಿ ಡಿಗ್ರಿ ಆಗದು ಅಂದ, ಮಾಡಿ ತೋರಿಸಿದೆ. ಆಮೇಲೆ ಅವ್ವನ ಕಡೆ ಕೈ ಮಾಡಿ, "ಅರಳುಮರಳು ಹಿಡಿದೈತೆ, ಇವಳಿಗೆ ಕಂಪ್ಯೂಟರಾ?" ಅಂದ.

ಅಪ್ಪ ತೀರಿಕೊಂಡ ಮೇಲೆ ಅವ್ವನಿಗೆ ಮರೆವು ಬಂದದ್ದು ನಿಜ. ಹಾಲು ಉಕ್ಕಿಸುತ್ತಿದ್ದಳು, ಕುರಿಹಟ್ಟಿಯ ಬಾಗಿಲು ಹಾಕದೆ ಬರುತ್ತಿದ್ದಳು. ಮಾವ ಚಿತ್ರದುರ್ಗದ ಡಾಕ್ಟರಿಗೆ ತೋರಿಸಿದ. ಅವರು ಗಂಡನ ಹೆಸರು ಕೇಳಿದರಂತೆ. ಅವ್ವ ತಲೆ ತಗ್ಗಿಸಿ ಸುಮ್ಮನೆ ಕುಂತಳಂತೆ. ಗಂಡನ ಹೆಸರೇ ನೆನಪಿಲ್ಲ ಅಂದುಬಿಟ್ಟರು. ನಮ್ಮಲ್ಲಿ ಅವ್ವನ ವಾರಿಗೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಅವನು ಸತ್ತ ಮೇಲೂ. ಪಕ್ಕದಲ್ಲಿದ್ದ ಮಾವನಿಗೆ ಇದು ಗೊತ್ತಿರಲಿಲ್ಲವೇ? ಡಾಕ್ಟರ ಮುಂದೆ ಬಾಯಿ ಹಾಕುವುದು ಹೇಗೆ ಅಂತ ಸುಮ್ಮನಿದ್ದನಂತೆ. ಆ ಮಾತು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಅವ್ವನನ್ನು ಬಿ.ದುರ್ಗದ ತನ್ನ ಮನೆಗೆ ಕರೆದೊಯ್ದು ಟಿ.ವಿ. ಮುಂದೆ ಕೂರಿಸಿದ. ಒಲೆ ಮುಟ್ಟುವಂತಿಲ್ಲ, ಕುರಿ ಹಿಂದೆ ಹೋಗುವಂತಿಲ್ಲ, ಒಬ್ಬಳೇ ಬಸ್ ಹತ್ತುವಂತಿಲ್ಲ. ಮೂಲೆಯಲ್ಲಿಟ್ಟ ಕುಡುಗೋಲಿಗೆ ತುಕ್ಕು ಹಿಡಿಯದೆ ಇನ್ನೇನಾದೀತು? ಅವಳ ಮಾತೇ ನಿಂತುಹೋಯಿತು.

ಆಗ ನಾನು ಹೊಸದುರ್ಗದ ಒಂದು ಸೆಂಟರಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಜಗಳವಾಡಿ ಅವ್ವನನ್ನು ಕರೆತಂದು ಹೆಣ್ಣುಮಕ್ಕಳ ಬ್ಯಾಚಿಗೆ ಸೇರಿಸಿದೆ. ನಾಲ್ಕನೇ ಕ್ಲಾಸು ಓದಿದವಳು. ಕೀಲಿಗಳ ಮೇಲೆ ಕನ್ನಡ ಅಕ್ಷರ ಬರೆದು ಅಂಟಿಸಿದೆ. ಮೊದಲ ದಿನ ಮೌಸನ್ನು ಎತ್ತಿ ಅಂಗೈಲಿ ಹಿಡಿದಳು. ಹುಡುಗಿಯರು ನಕ್ಕರು. "ನಗ್ರವ್ವ, ನೀವು ಟಗರು ಹಿಡಿಯಾ ದಿನ ನಾನೂ ನಗ್ತೀನಿ" ಅಂದಳು.

ನಿನ್ನೆ ಕಲಿತದ್ದನ್ನು ಇವತ್ತು ಮರೆಯುತ್ತಿದ್ದಳು, ತನ್ನನ್ನೇ ಬೈದುಕೊಂಡು ಮತ್ತೆ ಒತ್ತುತ್ತಿದ್ದಳು. ಕಂಪ್ಯೂಟರು ಮರೆವಿಗೆ ಮದ್ದು ಅಂತ ನಾನು ಹೇಳುವುದಿಲ್ಲ. ಹಾಲು ಆಮೇಲೂ ಉಕ್ಕಿತು. ಆದರೆ ತಲೆಗೆ ಕೆಲಸ ಸಿಕ್ಕಿತು, ಮಾತು ಮರಳಿತು. ಟಿ.ವಿ. ಮುಂದೆ ಕೂರಿಸಿದವರು ಕೊಡದಿದ್ದುದು ಅದೇ.

ಕೊನೆಗೆ ಸರ್ಟಿಫಿಕೇಟಿಗೆ ಎಲ್ಲರೂ ತಮ್ಮ ಹೆಸರನ್ನೂ ಗಂಡನ ಅಥವಾ ತಂದೆಯ ಹೆಸರನ್ನೂ ತಾವೇ ಟೈಪು ಮಾಡಬೇಕಿತ್ತು. ಕೊಡುವ ದಿನ ಹಟಕ್ಕೆ ಬಿದ್ದು ಮಾವನನ್ನು ಕರೆಸಿದೆ. ಸೆಂಟರಿನ ಯಜಮಾನರು ಅವ್ವನ ಕೈಗೆ ಸರ್ಟಿಫಿಕೇಟು ಕೊಟ್ಟರು. ಮಾವ ಅದನ್ನು ಇಸಿದುಕೊಂಡು ಓದಿದ. ಅಪ್ಪನ ಹೆಸರು, ಒಂದು ಅಕ್ಷರವೂ ತಪ್ಪಿರಲಿಲ್ಲ. ಹೆಸರು ಹೇಳಿಕೊಟ್ಟವನು ನೀನೇ ತಾನೆ ಅಂತ ನನ್ನತ್ತ ತಿರುಗಿದ.

ಅವ್ವ ಅವನ ಕೈಯಿಂದ ಸರ್ಟಿಫಿಕೇಟು ಕಿತ್ತುಕೊಂಡಳು.

"ಬಾಯಾಗೆ ಅನ್ನಂಗಿಲ್ಲ ಕಣಲೇ, ಬೆರಳಾಗೆ ಒತ್ತಿದೆ. ಅವತ್ತು ನೀನು ಬಾಯಿ ಬಿಟ್ಟಿದ್ರೆ ಸಾಕಿತ್ತು."