ಬಡಾವಣೆಯಲ್ಲಿ ಊರಿಗೆ ಹೇಳಿದ್ದು

ಭೂಮಿಕಾ, ತೇಜಸ್, ನಾವು ಈ ಬಡಾವಣೆಗೆ ಬಂದ ಮೊದಲ ಸಂಜೆ ಬೀದಿದೀಪಗಳು ತಮ್ಮಷ್ಟಕ್ಕೆ ತಾವೇ ಹತ್ತಿಕೊಂಡವು. ನಾನು ಬೆಚ್ಚಿಬಿದ್ದೆ. ಕಣ್ಣು ಹೋದಷ್ಟು ದೂರ ಟಾರು ರಸ್ತೆ, ರಸ್ತೆಯ ಮೂಲೆಗೊಂದು ಹಳದಿ ಫಲಕ, ಫಲಕದ ಮೇಲೆ ನಂಬರು. ಮನೆ ಮಾತ್ರ ಒಂದೂ ಇಲ್ಲ. ನಮ್ಮದೇ ಮೊದಲನೆಯದು, ಅದಕ್ಕೂ ಇನ್ನೂ ಸುಣ್ಣ ಆಗಿರಲಿಲ್ಲ. ಅಷ್ಟು ಬೆಳಕಿನಲ್ಲಿ ನಡೆಯುವವರು ಯಾರೂ ಇರಲಿಲ್ಲ. ನಿಮ್ಮ ತಾತ ಮೆಟ್ಟಿಲ ಮೇಲೆ ಕೂತು, "ಯಾರ್ ಬರ್ತಾರೆ ಅಂತ ಹಚ್ಚವ್ರೆ ಇಷ್ಟೊಂದ್ ದೀಪಾವ?" ಎಂದರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ನನಗೆ ಮೊದಲಿನಿಂದಲೂ ಮಾತು ಕಡಿಮೆ. ತವರೂರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು. ನಾಲ್ಕು ಜನರ ಮುಂದೆ ಬಾಯಿ ತೆರೆಯುವುದಕ್ಕಿಂತ ಬರೆಯುವುದೇ ಮೇಲು ಎನಿಸುತ್ತದೆ. ಭೂಮಿ ಈಗಷ್ಟೇ ಅಕ್ಷರ ಕೂಡಿಸುತ್ತಿದ್ದಾಳೆ, ತೇಜು ಇನ್ನೂ ಅಂಬೆಗಾಲಿಡುತ್ತಾನೆ. ನೀವು ಇದನ್ನು ಓದುವ ಹೊತ್ತಿಗೆ ಕೇಳಿ ತಿಳಿಯೋಣವೆಂದರೆ ನಾನು ಇರುತ್ತೇನೋ ಇಲ್ಲವೋ.

ನಮ್ಮೂರು ಮುದ್ದಕುಂಟೆ ದೊಡ್ಡಬಳ್ಳಾಪುರಕ್ಕೂ ದೇವನಹಳ್ಳಿಗೂ ನಡುವೆ ಇತ್ತು. ನಲವತ್ತು ಮನೆ ಮೀರದ ಊರು. ಕಾರ್ಖಾನೆಗಳಿಗೆಂದು ಸುತ್ತಲ ಹೊಲವೆಲ್ಲ ಹೋದ ಮೇಲೆ ಊರೂ ಹೋಯಿತು. ಬದಲಿಗೆ ಇಲ್ಲಿ ಸೈಟು ಕೊಟ್ಟರು. ಸೈಟೆಂದರೆ ನಾಲ್ಕು ಮೂಲೆಗೆ ನಾಲ್ಕು ಕಲ್ಲು ನೆಟ್ಟ ಬಯಲು. ಯಾರಿಗೂ ಬೇಸರವಾಗಬಾರದೆಂದು ಚೀಟಿ ಎತ್ತಿ ಹಂಚಿದರು. ಚೀಟಿಗೆ ಊರು ಗೊತ್ತಿಲ್ಲವಲ್ಲ! ಗೋಡೆಗೆ ಗೋಡೆ ಅಂಟಿಕೊಂಡಿದ್ದವರು ಬಡಾವಣೆಯ ಎರಡು ತುದಿಗೆ ಬಿದ್ದರು. ಬದುವಿನ ಜಗಳದಿಂದ ಮುಖ ನೋಡದಿದ್ದವರು ಒಂದೇ ಗೇಟಿನ ಎಡಬಲಕ್ಕೆ ಬಂದರು. ಅಲ್ಲಿ ಮನೆಗೆ ಹೆಸರಿತ್ತು: ಚಾವಡಿಮನೆ, ಗುಡಿಮನೆ, ಬಾವಿಮನೆ, ಕಣದಮನೆ. ಇಲ್ಲಿ "ಸೆಕೆಂಡ್ ಕ್ರಾಸು, ನೀಲಿ ಗೇಟು" ಎನ್ನಬೇಕು. ಕ್ರಾಸೆಂದರೆ ಅಡ್ಡಬೀದಿ.

ಹೊಸ ಜಾಗ ಕಲಿಯಲು ನನಗೆ ಬಹಳ ದಿನ ಹಿಡಿಯಿತು. ಅಲ್ಲಿ ಸೌದೆ ಒಲೆಯ ಮುಂದೆ ಕಾಲಲ್ಲಿ ಪಾತ್ರೆ ಒತ್ತಿ ಹಿಡಿದು ಮುದ್ದೆ ತಿರುವುತ್ತಿದ್ದೆ. ಇಲ್ಲಿ ಎದೆಯೆತ್ತರದ ಕಟ್ಟೆಯ ಮೇಲೆ ಗ್ಯಾಸು. ಪಾತ್ರೆ ಗಿರ್ರನೆ ತಿರುಗಿ ಹಿಟ್ಟೆಲ್ಲ ಗಂಟು. ಕೊನೆಗೆ ಪಾತ್ರೆಯನ್ನು ನೆಲಕ್ಕಿಳಿಸಿ, ಒದ್ದೆ ಗೋಣಿಚೀಲದ ಮೇಲಿಟ್ಟು ತಿರುವುವುದನ್ನು ಕಂಡುಕೊಂಡೆ. ಅಂದು ನಿಮ್ಮ ತಾತ ಎರಡು ಮುದ್ದೆ ಉಂಡು, "ಈಗ ಮನೆ ಆಯ್ತು ನೋಡು" ಎಂದರು. ಅಷ್ಟಕ್ಕೇ ನನಗೆ ಒಂದು ವಾರ ಖುಷಿ.

ಬರಬರುತ್ತಾ ಸೈಟುಗಳಲ್ಲಿ ಮನೆಗಳೆದ್ದವು, ದೀಪದಡಿ ಜನ ಓಡಾಡತೊಡಗಿದರು. ಆದರೆ ಬಂದವರು ನಮ್ಮವರಲ್ಲ. ನಮ್ಮವರು ಒಬ್ಬೊಬ್ಬರೇ ಸೈಟು ಮಾರಿ ಹೊರಟರು. ಒಬ್ಬರು ಹೊಸಕೋಟೆಗೆ, ಒಬ್ಬರು ಮಗಳ ಊರಿಗೆ, ಇನ್ನೊಬ್ಬರು ಹಿಂದೂಪುರದ ಕಡೆ ಅಗ್ಗದ ಜಮೀನು ಹುಡುಕಿಕೊಂಡು. ಕೊಂಡವರು ಮೂರು ಅಂತಸ್ತು ಎಬ್ಬಿಸಿ, ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಿಗೆ ಹೋಗುವ ಬಿಹಾರದವರಿಗೆ, ಒಡಿಶಾದವರಿಗೆ ಕೋಣೆಕೋಣೆಯಾಗಿ ಬಾಡಿಗೆ ಕೊಟ್ಟರು. ಜನ ಹೆಚ್ಚಿದಷ್ಟೂ ಮುದ್ದಕುಂಟೆ ಕಡಿಮೆಯಾಗುತ್ತಾ ಹೋಯಿತು. ತಾತ ಸಂಜೆ ಮೆಟ್ಟಿಲ ಮೇಲೆ ಕೂತು ಊರಿನ ಮನೆಗಳನ್ನು ಸಾಲಾಗಿ ಹೇಳಿಕೊಳ್ಳುವರು, ಜಪದ ಹಾಗೆ. ಯಾರೋ ಹೋದ ಸುದ್ದಿ ಬಂದರೆ ಆ ಹೆಸರಿಗೆ ಬಂದಾಗ ಒಂದು ಗಳಿಗೆ ನಿಲ್ಲುವರು. ಆದರೆ ಬಿಟ್ಟು ಮುಂದೆ ಹೋಗುತ್ತಿರಲಿಲ್ಲ.

ಅವರು ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದರು. "ನನ್ ವರ್ಷದ ಎಡೆಗೆ ಊರಿಗೆಲ್ಲ ಬಾಯಲ್ಲೇ ಹೇಳ್ಬೇಕು ಕಣೇ. ಒಂದ್ ಮನೇನೂ ಬಿಡ್ಬೇಡ."

"ಅದ್ಯಾಕೆ ಈಗ ಆ ಮಾತು?"

"ಬಿಟ್ರೆ ಆ ಮನೆ ಬಾಗಲಲ್ಲೇ ನಿಂತಿರ್ತೀನಿ. ಮುಂದಕ್ಕೆ ಹೋಗಕ್ಕಾಗಲ್ಲ."

ನಮ್ಮ ಕಡೆಯ ಪದ್ಧತಿ ಅದು. ಹೋದವರ ಮೊದಲ ವರ್ಷದ ಎಡೆಯ ಊಟಕ್ಕೆ ಪ್ರತಿ ಮನೆಯ ಬಾಗಿಲಲ್ಲಿ ನಿಂತು, ಮನೆಯ ಹೆಸರು ಹಿಡಿದು ಹೇಳಬೇಕು. ಒಳಗೆ ಹೋಗಿ ಕೂರುವಂತಿಲ್ಲ, ನೀರು ಕುಡಿಯುವಂತಿಲ್ಲ. ಬೀಗ ಹಾಕಿದ್ದರೂ ಚಿಲಕ ಅಲ್ಲಾಡಿಸಿ ಹೇಳಬೇಕು; ಆ ಮನೆಯ ಹಿರಿಯರಿಗೆ ಕೇಳಿಸುತ್ತದೆ ಎನ್ನುವರು. ಎಲ್ಲ ಮನೆಗೂ ಹೇಳಿದ ಮೇಲೆಯೇ ಊರು ಅವರನ್ನು ಕಳಿಸಿಕೊಟ್ಟ ಹಾಗೆ. ಇದು ಗಂಡಸರ ಕೆಲಸ. ಹೆಂಗಸರು ಹೋದದ್ದನ್ನು ನಾನು ನೋಡಿರಲಿಲ್ಲ.

ತಾತ ಹೋಗಿ ವರ್ಷ ತುಂಬುವ ಹೊತ್ತಿಗೆ ನಿಮ್ಮಪ್ಪ ರವಿಗೆ ಕಾರ್ಖಾನೆಯ ಬಸ್ಸು ಓಡಿಸಲು ಎರಡೆರಡು ಪಾಳಿ. "ಊರಿನ ವಾಟ್ಸಾಪ್ ಗ್ರೂಪಲ್ಲಿ ಹಾಕಿದೀನಿ ಕಣಮ್ಮ. ಎಲ್ರೂ ನೋಡವ್ರೆ, ಕೈ ಮುಗಿದಿರೋ ಗೊಂಬೇನೂ ಕಳ್ಸವ್ರೆ" ಎಂದ.

"ಬಾಯಲ್ಲಿ ಹೇಳ್ಬೇಕಂತೆ ಕಣೋ."

"ಹಂಗಾದ್ರೆ ನೀನೇ ಹೋಗಿ ಹೇಳ್ಕೊಂಡ್ ಬಾ."

ರೇಗಿ ಆಡಿದ ಮಾತು. ನಾನು ಸೆರಗು ಹೊದ್ದು ಹೊರಟೇಬಿಟ್ಟೆ. ಜೊತೆಗೆ ಕಣದಮನೆಯ ಲಕ್ಷ್ಮಕ್ಕ ಬಂದಳು. ನನಗಿಂತ ನಾಲ್ಕು ವರ್ಷ ದೊಡ್ಡವಳು, ಬಾಯಿ ಮಾತ್ರ ನನ್ನಂಥ ಹತ್ತು ಜನರಿಗೆ ಸಾಕು.

ಯಾವ ಮನೆಯಿಂದ ಶುರುಮಾಡುವುದು? ತಾತ ಚಾವಡಿಯಿಂದ ಹೊರಟು ಮುಂಬಾಗಿಲುಗಳ ಸಾಲು ಹಿಡಿಯುತ್ತಿದ್ದರು. ಅವರು ಹೇಳಿಕೊಳ್ಳುವುದನ್ನು ಎಷ್ಟೋ ಸಲ ಕೇಳಿದ್ದರೂ ಅಂದು ಒಂದೂ ನೆನಪಿಗೆ ಬರಲಿಲ್ಲ. ನನಗೆ ಊರು ಗೊತ್ತಿದ್ದದ್ದು ಹಿತ್ತಿಲ ಕಡೆಯಿಂದ. ಮದುವೆಯಾಗಿ ಆವತಿಯ ಕಡೆಯಿಂದ ಬಂದಾಗಿನಿಂದ ಬಿಂದಿಗೆ ಹಿಡಿದು ಹಿತ್ತಿಲ ಓಣಿಯಲ್ಲಿ ಬಾವಿಗೆ ನಡೆದವಳು. ಯಾರ ಹಿತ್ತಿಲಲ್ಲಿ ನುಗ್ಗೆ, ಯಾರ ಬಚ್ಚಲಲ್ಲಿ ಹೊಗೆ, ಯಾರ ನಾಯಿ ಕಚ್ಚುತ್ತದೆ, ಅವೇ ನನ್ನ ಗುರುತು. ಆ ಓಣಿ ಹಿಡಿದೇ ಹೊರಟೆ. ಮೊದಲು ಬಾವಿಮನೆ, ಅದು ಈಗ ನಾಲ್ಕನೇ ಕ್ರಾಸಿನಲ್ಲಿ. ಆಮೇಲೆ ಗುಡಿಮನೆ, ಅದು ಒಂದನೇ ಕ್ರಾಸಿನಲ್ಲಿ. ಮತ್ತೆ ನಾಲ್ಕಕ್ಕೆ, ಮತ್ತೆ ಎರಡಕ್ಕೆ.

"ಇದೇನೇ ಇದು, ಎಲೆಕ್ಷನ್‌ಗೆ ನಿಂತವ್ಳ್ ತರ ಆ ತುದಿಗೂ ಈ ತುದಿಗೂ!" ಎಂದು ಲಕ್ಷ್ಮಕ್ಕ ಸೊಂಟ ಹಿಡಿದುಕೊಂಡಳು. "ಒಂದ್ ಬೀದಿ ಮುಗಿಸ್ಕೊಂಡು ಇನ್ನೊಂದ್ ಬೀದಿಗೆ ಹೋಗಕ್ಕೇನ್ ರೋಗ ನಿಂಗೆ?"

"ತಪ್ಪೋಗ್ತದೆ ಕಣಕ್ಕ. ಓಣಿ ಬಿಟ್ರೆ ನಂಗೆ ಗೊತ್ತಾಗಲ್ಲ."

"ಓಣಿ ಎಲ್ಲೈತೆ ಇಲ್ಲಿ?"

ನನ್ನ ಕಾಲಿಗೆ ಇತ್ತು. ಟಾರಿನ ಮೇಲೆ ನಡೆಯುತ್ತಿದ್ದರೂ ಬಾವಿಮನೆ ದಾಟಿದ ಮೇಲೆ ಬಚ್ಚಲ ನೀರು ಹರಿಯುವ ಕಡೆ ಕಾಲೆತ್ತಿ ಇಟ್ಟೆ. ಇಟ್ಟ ಮೇಲೆ ಗೊತ್ತಾಯಿತು, ಅಲ್ಲಿ ನೀರಿಲ್ಲ. ಲಕ್ಷ್ಮಕ್ಕ ನೋಡಿದಳು.

ಗುಡಿಮನೆಯವರು ಮಾರಿ ಹೋಗಿ ಎರಡು ವರ್ಷ. ಅವರ ಸೈಟಿನಲ್ಲಿ ಬಾಡಿಗೆಯ ಕೋಣೆಗಳ ದೊಡ್ಡ ಕಟ್ಟಡ. ನಾನು ಗೇಟಿನ ಚಿಲಕ ಅಲ್ಲಾಡಿಸಿ, "ಗುಡಿಮನೆಯವ್ರೇ, ನಾಡಿದ್ದು ನಮ್ಮನೇಲಿ ಊಟ ಐತೆ, ಬರ್ಬೇಕು" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಒಳಗಿನಿಂದ ಕಂಕುಳಲ್ಲಿ ಮಗು ಎತ್ತಿಕೊಂಡು ಒಬ್ಬ ಹುಡುಗಿ ಬಂದಳು. ಹೆಸರು ಸುನೀತಾ, ಬಿಹಾರದವಳು ಎಂದು ಆಮೇಲೆ ತಿಳಿಯಿತು.

"ಊಟ? ನಾವು ಬರೋದು, ಆಂಟಿ?"

ನಿನಗಲ್ಲಮ್ಮ, ನಾನು ಕರೆದದ್ದು ಹೊರಟುಹೋದವರನ್ನು ಎಂದು ಹೇಗೆ ಹೇಳಲಿ? "ಹ್ಞೂಂ, ಬನ್ನಿ" ಎಂದುಬಿಟ್ಟೆ. ಅವಳು ಮೇಲಕ್ಕೆ ತಲೆಯೆತ್ತಿ ಏನೋ ಕೂಗಿದಳು. ಮಹಡಿಯ ಕಟಕಟೆಗಳಲ್ಲಿ ಹತ್ತು ತಲೆ ಕಾಣಿಸಿದವು.

"ಮುಗೀತು ಬಿಡು," ಎಂದಳು ಲಕ್ಷ್ಮಕ್ಕ. "ಬಿಹಾರಕ್ಕೆಲ್ಲ ಹೇಳ್ದಂಗಾಯ್ತು. ಅವರೆಕಾಳು ಇನ್ನೊಂದ್ ಮೂಟೆ ತರ್ಸು."

ಹೀಗೇ ಸಂಜೆಯವರೆಗೆ. ನಮ್ಮವರಿದ್ದ ಬಾಗಿಲಲ್ಲಿ, "ಅಯ್ಯೋ, ನೀವೇ ಬಂದ್ರಾ? ಫೋನ್ ಮಾಡಿದ್ರೆ ಆಗ್ತಿತ್ತು" ಎಂದರು. ಬೀಗ ಹಾಕಿದ ಬಾಗಿಲಿಗೆ ಹೇಳಿದೆ. ಹೊಸಬರಿದ್ದ ಬಾಗಿಲಲ್ಲಿ ಹಳೆಯ ಹೆಸರು ಹಿಡಿದು ಹೇಳಿದೆ. ಅವರು ಯಾರನ್ನೋ ಹುಡುಕುವಂತೆ ಹಿಂದೆ ತಿರುಗಿ ನೋಡಿ, ಆಮೇಲೆ ತಲೆಯಾಡಿಸಿದರು.

ಎಡೆಯ ದಿನ ಮನೆ ಮುಂದೆ ಶಾಮಿಯಾನ. ಮುದ್ದೆ, ಹಿತಕಿದ ಅವರೆಕಾಳಿನ ಸಾರು, ವಡೆ, ಪಾಯಸ, ಎಲ್ಲ ತಾತನಿಗೆ ಸೇರುತ್ತಿದ್ದದ್ದೇ. ನಮ್ಮೂರಿನವರು ಅರ್ಧದಷ್ಟು ಬಂದರು. ಹೊಸಬರು ಎಲ್ಲರೂ ಬಂದರು, ತಲೆ ಬಾಚಿ, ಒಳ್ಳೆಯ ಬಟ್ಟೆ ಹಾಕಿಕೊಂಡು. ಸುನೀತಾಳ ಗಂಡ ಮಿರಮಿರ ಮಿಂಚುವ ಕಾಗದ ಸುತ್ತಿದ ಡಬ್ಬ ತಂದು ನಿಮ್ಮಪ್ಪನ ಕೈಗಿಟ್ಟು, ನಗುತ್ತಾ ಕೈ ಕುಲುಕಿದ. ಬಿಚ್ಚಿದರೆ ಹಾಟ್ ಬಾಕ್ಸು. ಶುಭಕಾರ್ಯ ಎಂದುಕೊಂಡಿದ್ದಾರೆ! ರವಿಯ ಮುಖ ಕೆಂಪಾಯಿತು. ತಾತನ ಫೋಟೋಗೆ ಹಾಕಿದ ಹಾರ ಕಂಡು ಆ ಹುಡುಗ ಅಲ್ಲೇ ಮರವಾಗಿ ನಿಂತ.

ಲಕ್ಷ್ಮಕ್ಕ ಡಬ್ಬ ಕಿತ್ತುಕೊಂಡು ಎಡೆಯ ಪಕ್ಕದಲ್ಲೇ ಇಟ್ಟಳು. "ಇರ್ಲಿ ಬಿಡೋ ರವಿ. ಅಲ್ಲೂ ನಿಮ್ಮಪ್ಪಂಗೆ ಮುದ್ದೆ ಬಿಸಿಯಾಗೇ ಬೇಕಲ್ಲ!"

ಎಲ್ಲರೂ ನಕ್ಕರು. ಆ ಹುಡುಗನಿಗೆ ಮಾತು ತಿಳಿಯದಿದ್ದರೂ ನಗು ತಿಳಿಯಿತು, ಕೂತ. ಗುಡಿಮನೆಯ ಎಲೆ ಖಾಲಿ ಉಳಿಯಲಿಲ್ಲ ಎಂದು ನನಗೂ ಸಮಾಧಾನವಾಯಿತು. ಸಾರಿನ ಸೌಟು ಹಿಡಿದು ಸಾಲಿನಲ್ಲಿ ಬಗ್ಗುತ್ತಾ ಹೋಗುತ್ತಿದ್ದೆ. ಚಾವಡಿಮನೆಯ ಹಿರಿಯರು ತಲೆಯೆತ್ತಿ ಕೇಳಿದರು: "ಮೂಲೆಮನೆ ನಂಜಮ್ಮನ ಕಡೆಯೋರು ಯಾರೂ ಬರ್ಲಿಲ್ವೇನಮ್ಮ?"

ಸೌಟು ನಿಂತಿತು. ಮೂಲೆಮನೆಗೆ ನಾನು ಹೇಳಿಯೇ ಇರಲಿಲ್ಲ.

ಅದಕ್ಕೆ ಹಿತ್ತಿಲಿರಲಿಲ್ಲ. ಬೆನ್ನಿಗೆ ಗುಡಿಯ ಗೋಡೆ, ಇದ್ದ ಒಂದೇ ಬಾಗಿಲು ಮುಂದಿನ ಬೀದಿಗೆ. ನಂಜಮ್ಮ ಕಾಲು ಊನವಾಗಿದ್ದವಳು, ಬಾವಿಗೆ ಬರುತ್ತಲೇ ಇರಲಿಲ್ಲ. ಅವಳ ಗಂಡನೇ ನೀರು ಹೊರುತ್ತಿದ್ದ. ಹಿತ್ತಿಲ ಓಣಿಯಲ್ಲಿ ನಡೆದವರಿಗೆ ಆ ಮನೆ ಕಾಣುತ್ತಿರಲಿಲ್ಲ. ಲಕ್ಷ್ಮಕ್ಕನೂ ಆ ಓಣಿಯವಳೇ ತಾನೇ? ಮುಂಬಾಗಿಲ ಸಾಲು ಹಿಡಿದಿದ್ದರೆ ತಪ್ಪುತ್ತಿರಲಿಲ್ಲ.

"ಅವ್ರು ಮೊದ್ಲೇ ಸೈಟ್ ಮಾರ್ಕೊಂಡ್ ಹೋದ್ರಲ್ಲಮ್ಮ," ಎಂದ ರವಿ. "ಮಕ್ಕಳಿಲ್ಲ, ಮರಿಯಿಲ್ಲ. ಇದಾರೋ ಇಲ್ವೋ, ಎಲ್ಲಿದಾರೋ, ಯಾರಿಗೂ ಗೊತ್ತಿಲ್ಲ. ಗ್ರೂಪಲ್ಲೂ ಇಲ್ಲ. ಯಾರಿಗ್ ಹೇಳ್ತೀಯಾ?"

ಪಂಕ್ತಿ ಏಳುವ ತನಕ ಕಾದು, ಒಂದು ಎಲೆಗೆ ಎಲ್ಲವನ್ನೂ ಬಡಿಸಿ ತಟ್ಟೆಯಲ್ಲಿಟ್ಟುಕೊಂಡು ಹೊರಟೆ. ಅವರ ಸೈಟು ಕೊನೆಯ ಕ್ರಾಸಿನಲ್ಲಿ. ಕೊಂಡವರು ಇನ್ನೂ ಏನೂ ಕಟ್ಟಿಲ್ಲ. ನಾಲ್ಕು ಕಲ್ಲು, ಒಳಗೆ ಎದೆಯುದ್ದ ಎಕ್ಕದ ಗಿಡ. ಬಾಗಿಲಿಲ್ಲ, ಅಲ್ಲಾಡಿಸಲು ಚಿಲಕವಿಲ್ಲ. ಹಿಂದೆ ಹೆಜ್ಜೆ ಸಪ್ಪಳ ಕೇಳಿ ತಿರುಗಿದೆ. ಸುನೀತಾ ನೀರಿನ ಚೊಂಬು ಹಿಡಿದು ಬಂದಿದ್ದಳು.

"ಯಾರ ಮನೆ, ಆಂಟಿ?"

"ಮೂಲೆಮನೆ."

ಅವಳು ಗಿಡಗಳನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಚಪ್ಪಲಿಯನ್ನು ಕಲ್ಲಿನ ಹೊರಗೆ ಬಿಟ್ಟಳು.

"ಮೂಲೆಮನೆಯವ್ರೇ," ಎಂದೆ. "ಇವತ್ತು ನಮ್ಮನೇಲಿ ಎಡೆ. ಹೇಳೋದು ತಡ ಆಯ್ತು, ತಪ್ಪು ತಿಳ್ಕೋಬೇಡಿ. ಬರ್ಬೇಕು." ಒಳಗಿದ್ದವರು ಕೈ ಒರೆಸಿಕೊಂಡು ಬಾಗಿಲಿಗೆ ಬರುವಷ್ಟು ಹೊತ್ತು ಕಾದೆ. ನಂಜಮ್ಮನಿಗೆ ಕಾಲು ನಿಧಾನ ಎಂದು ಇನ್ನೂ ಸ್ವಲ್ಪ ಹೊತ್ತು. ಎಕ್ಕದ ಎಲೆಗಳು ಗಾಳಿಯಿಲ್ಲದೆ ಅಲ್ಲಾಡಿದವು. ಅಲ್ಲಿ ಯಾರೋ ನಿಂತಿದ್ದರು ಮಕ್ಕಳೇ. ಕರೆಯಲು ಬಂದವರು ನಿಲ್ಲುವಂತೆ, ಒಳಗೆ ಹೋಗದೆ, ಕೂರದೆ. ಇದ್ದವರು ನಿಮ್ಮ ತಾತ ಎಂದು ಆಣೆ ಮಾಡಲಾರೆ. ಎಲೆಯನ್ನು ಗಿಡದ ಬುಡದಲ್ಲಿಟ್ಟು, "ಹೇಳಿದೀನಿ, ಇನ್ ಹೊರಡಿ" ಎಂದೆ.

ಅವರು ಹೊರಟರೋ ಇಲ್ಲವೋ ತಿಳಿಯದು. ಎಡೆಯಾದ ಮೇಲೆ ಹೇಳಿದ್ದು ಲೆಕ್ಕಕ್ಕೆ ಬರುತ್ತದೆಯೋ, ಅದನ್ನು ಕೇಳೋಣವೆಂದರೆ ತಿಳಿದವರು ಯಾರೂ ಉಳಿದಿಲ್ಲ. ಆ ಕ್ರಾಸಿಗೆ ಈಗಲೂ ಹೋಗಿ ನೋಡಿ ಬರುತ್ತೇನೆ. ದಾರಿಯಲ್ಲಿ ಸುನೀತಾಳ ಕಟ್ಟಡದ ಹೆಂಗಸರು "ಅಮ್ಮಾಜಿ, ಚಾ" ಎಂದು ಕರೆಯುತ್ತಾರೆ, ಕೂತು ಕುಡಿಯುತ್ತೇನೆ. ನಿಜ ಹೇಳಬೇಕೆಂದರೆ ಮುದ್ದಕುಂಟೆಯಲ್ಲಿ ಯಾರ ಮುಂಬಾಗಿಲಲ್ಲೂ ನಾನು ಇಷ್ಟು ಸಲೀಸಾಗಿ ಕೂತವಳಲ್ಲ. ಇಲ್ಲಿ ನನ್ನನ್ನು ಕೂಗಿ ಕರೆದು ಕೂರಿಸುವವರಿದ್ದಾರೆ. ಆದರೂ ಮನೆಗೆ ಹಿಂದಿರುಗುವಾಗ ನನ್ನ ಕಾಲು ಆ ಇಲ್ಲದ ಬಚ್ಚಲ ನೀರನ್ನು ದಾಟಿಯೇ ಮುಂದೆ ಹೋಗುತ್ತದೆ.

ನನ್ನ ವರ್ಷ ತುಂಬಿದಾಗ ಹೇಳಲು ಹೋಗುವವರು ನೀವು. ಸುನೀತಾಳ ಬಾಗಿಲಿಂದ ಶುರುಮಾಡಿದರೂ ಸರಿ, ಚಾವಡಿಮನೆಯಿಂದ ಆದರೂ ಸರಿ. ಅಷ್ಟರಲ್ಲಿ ಕೊನೆಯ ಕ್ರಾಸಿನ ಸೈಟಿನಲ್ಲಿ ಯಾರಾದರೂ ಮನೆ ಕಟ್ಟಿದ್ದರೆ ಅವರಿಗೂ ಹೇಳಿ, ಆದರೆ ಮೂಲೆಮನೆಯವರೇ ಎಂದೇ ಕೂಗಿ. ಹೆಸರು ಮರೆಯದಿರಲೆಂದು ಇಷ್ಟು ಬರೆದೆ. ಈ ಹಾಳೆಗಳನ್ನು ಅಕ್ಕಿ ಡಬ್ಬದಲ್ಲಿ ಇಡಬೇಡಿ, ಹುಳ ಬೀಳುತ್ತದೆ. ಬೀರುವಿನಲ್ಲಿ ತಾತನ ಪಂಚೆ ಇದೆ. ಅದರ ಮಡಿಕೆಯೊಳಗೆ ಭದ್ರವಾಗಿ ಇಟ್ಟುಕೊಳ್ಳಿ.