ಮಹಾರಾಜನ ಮನೆಯ ಹೆಸರು

ಮಾಸೂರಿನ ನಮ್ಮ ಮನೆಯ ಅಂಗಳದಲ್ಲಿ ಗೋವಿನಜೋಳದ ರಾಶಿಗೆ ಹೊದಿಸಿರುವ ಫ್ಲೆಕ್ಸನ್ನು ನೀವೊಮ್ಮೆ ನೋಡಬೇಕು. ನಟ್ಟನಡುವೆ ಕೊಬ್ಬರಿ ಸರ, ಬಲೂನು, ಬೆನ್ನ ತುಂಬ ಜರಿಯ ಝೂಲ ಹೊತ್ತು ನಿಂತ ಬಿಳಿಯ ಹೋರಿ. ಅದರ ನೆತ್ತಿಯ ಮೇಲೆ ಬೆಂಕಿ ಕಾರುವ ಅಕ್ಷರಗಳಲ್ಲಿ ‘ಮಾಸೂರಿನ ಮಹಾರಾಜ’. ಕೆಳಗಿನ ಮೂಲೆಯಲ್ಲಿ, ಶುಭಕೋರುವವರ ಸಾಲಿನಲ್ಲಿ, ಹೆಣ್ಣು ನೋಡಲು ಹೊರಟವನಂತೆ, ಇದ್ದ ನಾಲ್ಕು ಕೂದಲಲ್ಲೇ ತಲೆ ಬಾಚಿಕೊಂಡ ನಾನು. ಈಗ ನೆರೆಮನೆಯ ಕೋಳಿಗಳು ನಮ್ಮಿಬ್ಬರ ಮೇಲೂ ಭೇದವೆಣಿಸದೆ ಅಡ್ಡಾಡುತ್ತವೆ. ಮಳೆ ಬಂದರೆ ಜೋಳ ನೆನೆಯುವುದಿಲ್ಲ, ಅಷ್ಟರಮಟ್ಟಿಗೆ ನಮ್ಮ ಕೀರ್ತಿ ಉಪಯೋಗಕ್ಕೆ ಬಂದಿದೆ.

ಸಾಕುಪ್ರಾಣಿಗಳಿಗೆ ಹೆಸರಿಡುವ ವಿಷಯದಲ್ಲಿ ನಮ್ಮ ಸೀಮೆಯ ಜನಕ್ಕೆ ದಯೆ ದಾಕ್ಷಿಣ್ಯ ಕಡಿಮೆ. ಶಿಗ್ಗಾವಿಯಲ್ಲಿರುವ ನನ್ನ ಅಕ್ಕನ ಮನೆಯ ಬೆಕ್ಕು ದಿನವಿಡೀ ಕೆನೆ ಕದ್ದು ಗುಡಾಣದಂತೆ ಊದಿಕೊಂಡಿದೆ. ಅದರ ಹೆಸರು ‘ಉಪವಾಸಿ’. ಸವಣೂರಿನಲ್ಲಿ ಮದುಮಕ್ಕಳನ್ನು ಹೊರುವ ಹೆಣ್ಣುಕುದುರೆಯೊಂದಿದೆ. ಅದರ ಹೆಸರು ‘ಜಗಳಗಂಟಿ’. ಮದುಮಗನು ಬಾಸಿಂಗದ ಮುತ್ತುಗಳ ಸಂದಿಯಿಂದ ಮುಂದಿನ ಬಾಳಿನ ಸುಖವನ್ನು ಇಣುಕಿ ನೋಡುತ್ತಿರುವ ಆ ಮಂಗಳ ಮುಹೂರ್ತದಲ್ಲೇ ಕುದುರೆಯವನು, “ನಡಿಯೇ ಜಗಳಗಂಟಿ, ಮಂಟಪ ಬಂತು!” ಎಂದು ಬಾಯಿ ಮಾಡುತ್ತಾನೆ. ಬೀಗರು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ. ಪಾಪ, ಆ ಕುದುರೆಯೋ ಬಾಲದ ಮೇಲೆ ಕುಳಿತ ನೊಣಕ್ಕೂ ಎದುರಾಡದ ಸಾಧು. ಇದೇನಪ್ಪಾ ಅನ್ಯಾಯ ಎಂದು ಕೇಳಿದ್ದಕ್ಕೆ ಅವನು ಕಿವಿಯ ಬಳಿ ಬಂದು, “ಬಂಗಾರಿ ಅಂತ ಹೆಸರಿಟ್ಟಿದ್ರ ಇಷ್ಟೊತ್ತಿಗೆ ಮಂದಿ ಕಣ್ಣ ಇದನ್ನ ನುಂಗಿ ಬಿಡ್ತಿದ್ವುರಿ” ಎಂದ.

ನನಗೆ ತಟ್ಟನೆ ಅರ್ಥವಾಯಿತು. ಏಕೆಂದರೆ ನಾನೂ ಆ ಕುದುರೆಯ ಜಾತಿಯವನೇ. ಹಿರೇಕೆರೂರಿನ ಕಾಲೇಜಿನ ಹುಡುಗರಿಗೆ ನಾನು ಚಂದ್ರಶೇಖರ ಸರ್. ಮನೆಯ ಹೊಸ್ತಿಲು ದಾಟಿ ಒಳಗೆ ಬಂದರೆ ‘ತಿರಕ’, ಅಂದರೆ ತಿರಿದುಣ್ಣುವವನು, ಭಿಕ್ಷುಕ. ಅಕ್ಕನ ಬೆನ್ನಿಗೆ, ನನಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ಅವ್ವನ ಕೈಗೆ ದಕ್ಕಲಿಲ್ಲ. ಹಾಗಾಗಿ ನನ್ನನ್ನು ಮೊರದಲ್ಲಿ ಮಲಗಿಸಿ, ಅವರಿವರ ಮನೆಯಿಂದ ಬೇಡಿ ತಂದ ಹಳೆಯ ಅರಿವೆ ಹೊದಿಸಿ, ಯಾರ ಕಣ್ಣಿಗೂ ಬೇಡದ ಈ ಹೆಸರಿನಿಂದ ಕರೆದಳು. ಯಮನಿಗೂ ಒಂದು ಅಂತಸ್ತು ಇರುತ್ತದಷ್ಟೆ, ಭಿಕ್ಷುಕನ ಮನೆಯ ಬಾಗಿಲಿಗೆ ಅವನೇಕೆ ಬಂದಾನು ಎಂಬುದು ಅವಳ ಎಣಿಕೆ. ನಾನು ಬದುಕಿ, ದಪ್ಪಗಾಗಿ, ಕನ್ನಡಕ ಹಾಕಿಕೊಂಡು ನಿಮ್ಮ ಮುಂದೆ ಹರಟುತ್ತಿರುವುದರಿಂದ ಆ ಎಣಿಕೆ ತಪ್ಪೆಂದು ವಾದಿಸುವ ಧೈರ್ಯ ನನಗಿಲ್ಲ.

ಮುಂದೆ ನಮ್ಮ ಹಸುವಿನ ಕರುಗಳೂ ಒಂದರ ಹಿಂದೊಂದು ಸತ್ತು, ಕೊನೆಗೊಂದು ಗಂಡುಕರು ಉಳಿದಾಗ ಅವ್ವ ಹೊಸ ಹೆಸರು ಹುಡುಕುವ ಗೋಜಿಗೇ ಹೋಗಲಿಲ್ಲ. “ತಿರಕ ಅಂತ ಕರೀತೇನಿ. ಆ ಹೆಸರು ಒಮ್ಮೆ ಕೈ ಹಿಡದೈತಿ” ಎಂದುಬಿಟ್ಟಳು. ಅಂದಿನಿಂದ ಮನೆಯಲ್ಲಿ ಇಬ್ಬರು ತಿರಕರು. “ತಿರಕನ ಮೈ ತೊಳದ್ರೇನೋ?” ಎಂಬ ಅವ್ವನ ಪ್ರಶ್ನೆ ಹಿತ್ತಲಿನಿಂದ ಬಂದರೆ ನನ್ನ ಹೆಂಡತಿ ನನ್ನತ್ತ ನೋಡಿ ಸೆರಗು ಬಾಯಿಗಿಡುತ್ತಿದ್ದಳು.

ಕರು ಬೆಳೆದು ಹೋರಿಯಾಯಿತು. ಎಂಥ ಹೋರಿ ಅಂತೀರಿ! ನನ್ನ ತಮ್ಮ ಶಿವು ಅದನ್ನು ಕೊಬ್ಬರಿ ಹೋರಿಯ ಆಟಕ್ಕೆ ಬಿಡುವುದೆಂದು ಹಟ ಹಿಡಿದ. ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟಿ ಜನರ ನಡುವೆ ಓಡಿಸುತ್ತಾರೆ. ಸರ ಹರಿಯಲು ಗಂಡಾಳುಗಳು ಮೈಮೇಲೆ ಬೀಳುತ್ತಾರೆ. ಯಾರ ಕೈಗೂ ಸಿಗದೆ ದಾಟಿದ್ದೇ ಗೆದ್ದ ಹೋರಿ. ಅಂಥ ಕಣದಲ್ಲಿ ಮೈಕಿನವನು ಸಿಡಿಲು, ಸುನಾಮಿ, ಸುಲ್ತಾನ ಎಂದು ಒಂದೊಂದನ್ನೇ ಕೂಗುವಾಗ ನಮ್ಮದನ್ನು ತಿರಕನೆಂದು ಕೂಗಿಸುವುದು ಹೇಗೆ? ಶಿವು ಮಹಾರಾಜನೆಂದು ಫ್ಲೆಕ್ಸ್ ಮಾಡಿಸಿದ, ಗೆಳೆಯರಿಗೆಲ್ಲ ಅದೇ ಹೆಸರಿನ ಟೀ ಶರ್ಟು ಹಂಚಿದ. ಅವ್ವ ಫ್ಲೆಕ್ಸ್ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಊರ ಕಣ್ಣೆಲ್ಲಾ ಕರದು ಮನ್ಯಾಗ ಕುಂದರಿಸಿದಂಗ ಆತು. ಅದಕ್ಕೇನರ ಆದ್ರ ನಾ ನಿಮ್ಮ ಮಾರಿ ನೋಡಂಗಿಲ್ಲ” ಎಂದವಳು ತಿಳವಳ್ಳಿಯ ಆಟ ನೋಡಲು ಬರಲೂ ಇಲ್ಲ.

ತಿಳವಳ್ಳಿಯಲ್ಲಿ ಮಹಾರಾಜ ಓಡಿದ. ಓಡಿದ ಅಂದರೆ ಹೀಗೆ: ಮುಂದೆ ನಿಂತವರು ಕೈ ಚಾಚುವಷ್ಟರಲ್ಲಿ ಅವರ ಹಿಂದಿದ್ದ, ಹಿಂದೆ ನಿಂತವರು ಕಣ್ಣು ಮಿಟುಕಿಸುವಷ್ಟರಲ್ಲಿ ಊರಾಚೆ ಇದ್ದ. ಕೊನೆಯಲ್ಲಿ ಹಗ್ಗ ಹಿಡಿದು ಕಾದಿದ್ದ ನಮ್ಮವರನ್ನೂ ಪರಕೀಯರೆಂದೇ ಬಗೆದು, ಅವರ ನಡುವೆಯೇ ನುಸುಳಿ, ಆಳೆತ್ತರದ ಗೋವಿನಜೋಳದ ಹೊಲಕ್ಕೆ ನುಗ್ಗಿ ಮಾಯವಾದ. ಜಯಘೋಷವೆಲ್ಲ ಅಲ್ಲಿಗೇ ನಿಂತಿತು. ಆ ಹೊಲಗಳ ನಡುವೆ ಕಟ್ಟೆಯಿಲ್ಲದ ಬಾವಿಗಳಿದ್ದವು. ಸಂಜೆಯಾಗುತ್ತಿತ್ತು. ಮೈಕಿನವನು “ಮಾಸೂರಿನ ಮಹಾರಾಜ ಎಲ್ಲಿದ್ದರೂ ಕೂಡಲೇ ವೇದಿಕೆಯ ಬಳಿ ಬರಬೇಕು” ಎಂದು ಗಣ್ಯರನ್ನು ಕರೆಯುವಂತೆ ಕರೆದ. ಟೀ ಶರ್ಟಿನ ಹುಡುಗರು ಬದುವಿನ ಮೇಲೆ ನಿಂತು “ಮಹಾರಾಜಾ” ಎಂದು ಗಂಟಲು ಹರಿದುಕೊಂಡರು. ಯಾವ ಮಹಾರಾಜ? ಹುಟ್ಟಿದಾರಭ್ಯ ಆ ಹೆಸರಿನಿಂದ ಅದಕ್ಕೊಂದು ಹಿಡಿ ಹಿಂಡಿ ಹಾಕಿದವರಿದ್ದರೆ ತಾನೆ?

“ತಿರಕಾ ಅಂತ ಕರಿಯೋ” ಎಂದೆ. ಶಿವು ಅಷ್ಟು ಜನರ ನಡುವೆ ಬಾಯಿ ತೆರೆಯಲಾರದೆ ಅಳತೊಡಗಿದ. ನನ್ನ ಧ್ವನಿಯೋ ತರಗತಿಯಲ್ಲಿ ನಿದ್ದೆ ಹೋದ ಹುಡುಗರನ್ನೂ ಎಬ್ಬಿಸದಂಥದ್ದು. ಬೇರೆ ದಾರಿ ಕಾಣದೆ ಅವ್ವನಿಗೆ ಫೋನು ಹಚ್ಚಿ ನಡೆದದ್ದನ್ನು ಹೇಳಿದೆ. ಅವಳು ಬೈಯಲಿಲ್ಲ, ನನಗೆ ಭಯವಾದದ್ದು ಅದಕ್ಕೇ. “ಫೋನು ಮೈಕಿಗೆ ಹಿಡೀರಿ” ಎಂದಳು. ಫೋನನ್ನು ಶಿವುವಿನ ಕೈಗೆ ಕೊಟ್ಟು ನಾನು ಹೋರಿಯನ್ನು ಹುಡುಕಲು ಹೊಲಕ್ಕೆ ಇಳಿದೆ.

ಆಗ ತಿಳವಳ್ಳಿಯ ಕಂಬಕಂಬದ ಧ್ವನಿವರ್ಧಕದಿಂದಲೂ ನಮ್ಮವ್ವ ಮಾತಾಡಿದಳು: “ಏ ತಿರಕಾ... ಎಲ್ಲಿ ಅದೀಯೋ ಭಾಡ್ಯಾ? ಹೊತ್ತ ಮುಣಗಾಕತ್ತೈತಿ, ಬಾ ಮನೀಗೆ. ಹಿಂಡಿ ಕಲಸಿಟ್ಟೇನಿ.”

“ಬಂದ್ಯವ್ವಾ!” ಎಂದುಬಿಟ್ಟೆ ನಾನು, ಗಟ್ಟಿಯಾಗಿ, ಎಳೆಯ ಮಗುವಿನಂತೆ. ಹೊಲದ ಮಗ್ಗುಲಲ್ಲಿ ದಂಟು ಮುರಿದ ಸದ್ದಾಯಿತು. ಹರಿದ ಝೂಲ ಎಳೆದುಕೊಂಡು, ಕೊರಳಲ್ಲಿ ಒಂದು ಕೊಬ್ಬರಿಯೂ ಕಳೆಯದೆ, ಕಿವಿ ನಿಮಿರಿಸಿಕೊಂಡು ಅದೂ ಬರುತ್ತಿತ್ತು. ಇಬ್ಬರು ತಿರಕರೂ ಜೊತೆಯಾಗಿ ಹೊಲದಿಂದ ಹೊರಬಿದ್ದಾಗ ಜನ ಹಾಕಿದ ಸಿಳ್ಳೆಯಲ್ಲಿ ನನ್ನ ಪಾಲೆಷ್ಟೆಂದು ಇವತ್ತಿಗೂ ತಿಳಿಯದು. ನಾನಂತೂ ಅದರ ಕೊರಳು ತಬ್ಬಿ ಅತ್ತೆ.

ಮರುದಿನದಿಂದ ಊರೂರಿನಲ್ಲಿ ತಿರಕನದೇ ಸುದ್ದಿ. ಹಾನಗಲ್ಲಿನಿಂದಲೂ ಹುಡುಗರು ಬಂದು ತಿರಕನ ಜೊತೆ ಸೆಲ್ಫಿ ತೆಗೆದುಕೊಂಡರು. ಮಹಾರಾಜ ಎಂದರೆ ಮಾತ್ರ ಎಲ್ಲರಿಗೂ ನಗೆ. ಅವ್ವ ಇದನ್ನೆಲ್ಲ ನೋಡಿ ಒಂದು ತೀರ್ಮಾನಕ್ಕೆ ಬಂದಳು: ಹೊಗಳಿಕೆ ಹತ್ತಿದ ಹೆಸರಿನಲ್ಲಿ ಇನ್ನು ಕಾವಲಿಲ್ಲ, ಮಂದಿ ನಗುವ ಹೆಸರೇ ಕ್ಷೇಮ. ಹಾಗಾಗಿ ಈಗ ನಮ್ಮ ಹಿತ್ತಲಲ್ಲಿ ಸೆಗಣಿ ಬಳಿಯುತ್ತ, “ಸರಿಯೋ ಮಹಾರಾಜ, ಕಾಲ ತುಳೀತಿ” ಎನ್ನುತ್ತಾಳೆ. ಹೋರಿಯೂ ನಾಲ್ಕು ದಿನದ ಹಿಂಡಿಗೆ ಹೊಸ ಹೆಸರು ಕಲಿತುಬಿಟ್ಟಿತು.

“ಹಂಗಾದ್ರ ನನ್ನ ಹೆಸರೂ ಮೈಕಿನ್ಯಾಗ ಬಂತಲ್ಲವ್ವಾ, ನನಗೂ ಬ್ಯಾರೆ ಇಡು” ಎಂದು ಕೆಣಕಿದೆ. ಅವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನಿನಗ ಯಾರ ಕಣ್ಣ ಹಾಕ್ತಾರೋ, ಬೋಳತಲಿಯವನ? ಬಾ ಉಣ್ಣಾಕ” ಎಂದಳು. ನನ್ನ ಹೆಂಡತಿ ಈ ಸಲ ಸೆರಗನ್ನೂ ಬಾಯಿಗಿಡದೆ ನಕ್ಕಳು.

ನಿನ್ನೆ ಜೋಳ ಒಣಹಾಕಲೆಂದು ಫ್ಲೆಕ್ಸ್ ಎತ್ತಿ ಕೊಡವಿದೆ. ಮಹಾರಾಜನ ಗಲ್ಲದ ಮೇಲೊಂದು ಕರಿ ಕಲೆ ಕಂಡಿತು. ಕೋಳಿಯ ಕೆಲಸವೆಂದುಕೊಂಡು ಒರೆಸಿದರೆ ಬೆರಳಿಗೆ ದೀಪದ ಕಾಡಿಗೆ ಹತ್ತಿತು. ದೃಷ್ಟಿಬೊಟ್ಟು. ಕೆಳಗಿನ ಮೂಲೆಯನ್ನು ಬಿಡಿಸಿ ನೋಡಿದೆ. ತಲೆ ಬಾಚಿಕೊಂಡ ನನ್ನ ಗಲ್ಲದ ಮೇಲೂ ಒಂದು ಇತ್ತು, ಹೋರಿಯದಕ್ಕಿಂತ ತುಸು ದೊಡ್ಡದೇ.