ಬಾಲದವರೆಗೂ ಹೂರಣ

ಸಾಮ್ಚೊಕ್ ಬಂದರಿನ ಮಾರುಕಟ್ಟೆಗೆ ಚಳಿಗಾಲ ಬರುವುದು ಮಾಲ್‌ಸುನ್ ಅಕ್ಕನ ಗಾಡಿಯಿಂದ ಹಬೆ ಎದ್ದ ಮೇಲೆಯೇ. ನನ್ನ ಕಾಲುಚೀಲದ ಅಂಗಡಿಗೆ ತಾಗಿಕೊಂಡೇ ಅವಳ ಗಾಡಿ. ಮೀನಿನಾಕಾರದ ಕಬ್ಬಿಣದ ಅಚ್ಚುಗಳಿಗೆ ಹಿಟ್ಟು ಹೊಯ್ದು, ಕೆಂಪು ಕಾಳಿನ ಹೂರಣವಿಟ್ಟು, ಮುಚ್ಚಿ ಮಗುಚಿ ಬುಂಗೊಪ್ಪಾಂಗ್ ಬೇಯಿಸುತ್ತಾಳೆ. ಬೇರೆಯವರ ಮೀನಿನಲ್ಲಿ ಹೂರಣ ಹೊಟ್ಟೆಗೇ ಮುಗಿಯುತ್ತದೆ. ಅವಳದರಲ್ಲಿ ಬಾಲದ ತುದಿಯನ್ನು ಮುಟ್ಟುತ್ತದೆ. ಆ ಮಾತು ಬಂದಾಗೆಲ್ಲ ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಹೋದ ಬೇಸಿಗೆಯಲ್ಲಿ ಲಕ್ವ ಹೊಡೆದು ಅವಳ ಬಲಗೈ ಬಿದ್ದುಹೋಯಿತು.

"ಇನ್ನು ಸಾಕಮ್ಮ, ಗಾಡಿ ಮಾರಿಬಿಡೋಣ" ಎಂದಳು ಮಗಳು ಹ್ಯೇರಿಮ್.

"ಎಡಗೈ ಇದೆಯಲ್ಲೇ! ಬಾಲ ತುಂಬ್ಲಿಲ್ಲ ಅಂದ್ರೆ ನಾನೇ ಮಾರ್ತೀನಿ. ನಿನ್ನ ಕೈಲಿ ಹೇಳಿಸ್ಕೊಳ್ಳಲ್ಲ."

ಚಳಿ ಬಿದ್ದ ಮೊದಲ ಬೆಳಗ್ಗೆ ಗಾಡಿ ತೆರೆಯಿತು. ಮೊದಲ ಮೀನು ಎಂದಿನಂತೆ ಒಣಮೀನು ಮಾರುವ ದೊಕ್ಬೆಗೆ. ಅವನು ಬಾಲದಿಂದಲೇ ತಿನ್ನುವವನು, ಮುಲಾಜು ಅರಿಯದವನು.

"ಅಕ್ಕಾ, ಬಾಲದಲ್ಲಿ ಬರೀ ಹಿಟ್ಟು. ನಿನ್ನ ಮೀನು ಅರೆಹೊಟ್ಟೇಲಿದೆ."

ಹ್ಯೇರಿಮ್ ಅವನನ್ನು ದುರುಗುಟ್ಟಿ ನೋಡಿದಳು. ಅಕ್ಕ ಒಲೆ ಆರಿಸಿ ಗಾಡಿಗೆ ಟಾರ್ಪಾಲು ಹೊದಿಸಿದಳು. ಮುಗಿಯಿತು ಅಂದುಕೊಂಡೆವು.

ಆದರೆ ಅಕ್ಕ ದಿನವೂ ಮನೆಯಲ್ಲಿ, ಅಡುಗೆಮನೆಯ ನೆಲದಲ್ಲಿ ಒಂದು ಅಚ್ಚನ್ನು ಮುಂದಿಟ್ಟುಕೊಂಡು, ಎಡಗೈಯಲ್ಲಿ ಚಮಚ ಹಿಡಿದು ಹೂರಣ ಎಳೆದು ನೋಡುತ್ತಿದ್ದಳು. ಹಿಂದೆ ಬಲಗೈ ಎಡದಿಂದ ಬಲಕ್ಕೆ, ತಲೆಯಿಂದ ಬಾಲಕ್ಕೆ ಎಳೆಯುತ್ತಿತ್ತು. ಎಡಗೈ ಹಾಗೆ ಎಳೆಯಲು ಹೋದರೆ ಹೊಟ್ಟೆಯ ಹತ್ತಿರವೇ ತಡವರಿಸುತ್ತಿತ್ತು. ಒಂದು ಬೆಳಗ್ಗೆ ಎದ್ದವಳೇ ಕಮ್ಮಾರನ ಬಳಿ ಹೋದಳು.

"ನನ್ನ ಕೈ ತಿರುಗಲ್ಲಪ್ಪ. ಮೀನುಗಳ್ನೇ ತಿರುಗ್ಸಿ ಕೂರ್ಸು. ತಲೆ ಬಲಕ್ಕೆ ಬರ್ಲಿ."

ಮತ್ತೆ ಟಾರ್ಪಾಲು ಸರಿಯಿತು. ಬಲಕ್ಕೆ ತಲೆ ಹಾಕಿ ಮಲಗಿದ ಮೀನುಗಳ ಮೇಲೆ ಅವಳ ಎಡಗೈ ನಿಧಾನವಾಗಿ, ಎಲ್ಲೂ ನಿಲ್ಲದೆ ಸಾಗಿತು. ಬೆಂದ ಮೊದಲ ಮೀನನ್ನು ದೊಕ್ಬೆಯ ಕೈಗಿಟ್ಟಳು. ಹ್ಯೇರಿಮ್ ಪಕ್ಕದಲ್ಲೇ ನಿಂತಿದ್ದಳು.

ದೊಕ್ಬೆ ಕಚ್ಚಿದ. ಕಚ್ಚಿದವನೇ ಕುಣಿದಾಡಿಬಿಟ್ಟ.

"ಅಯ್ಯಯ್ಯೋ! ನಾಲಿಗೆ ಸುಟ್ಟೋಯ್ತು ಕಣಕ್ಕ! ಹೂರಣ ಕೆಂಡ ಆಗಿದೆ!"

"ಎಲ್ಲಿ ಕಚ್ಚಿದ್ಯೋ?"

"ಬಾಲ! ಬಾಲದ ತುದಿ!"

ಅಕ್ಕ ನಗಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು ಮಗಳತ್ತ ತಿರುಗಿದಳು. "ಕೇಳಿಸ್ತೇನೇ?"

ಹ್ಯೇರಿಮ್ ಟಾರ್ಪಾಲನ್ನು ಅಚ್ಚುಕಟ್ಟಾಗಿ ಮಡಚಿ, ಗಾಡಿಯ ಅಡಿಗೆ, ಕೈಗೆ ಸಿಗದಷ್ಟು ಒಳಕ್ಕೆ ತಳ್ಳಿದಳು.